ಓಡಿ ಪೊಲೀಸ್ ಆದವನಲ್ಲ ನಾನು

ನಮ್ಮೂರು ಮಧುಗಿರಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಬೆಳಗಿನ ಜಾವ ಐದಕ್ಕೆ ಕೆರೆ ಏರಿ ಮೇಲೆ ಎಂಟ್ಹತ್ತು ಹುಡುಗರು ಓಡುತ್ತಿದ್ದೆವು. ಕೆರೆಯಲ್ಲಿ ನೀರಿಲ್ಲದ ವರ್ಷಗಳೇ ಹೆಚ್ಚು, ಏರಿ ಮಾತ್ರ ಗಟ್ಟಿಯಾಗಿತ್ತು. ಹಾಲು ಹಾಕಲು ಹೊರಟವರು ಎದುರು ಸಿಕ್ಕರೆ, ‘ಏನ್ರಲಾ, ಎಲ್ರೂ ಪೊಲೀಸ್ ಆಗೋಯ್ತೀರಾ?’ ಅನ್ನೋರು. ನಾವು ಇನ್ನೂ ಜೋರಾಗಿ ಓಡುತ್ತಿದ್ದೆವು. ಆ ಗುಂಪಿನಲ್ಲಿ ಕೊನೆಗೆ ಪೊಲೀಸ್ ಆದವರು ಇಬ್ಬರು. ಇಬ್ಬರೂ ಓಟದಲ್ಲಿ ಹಿಂದುಳಿದವರೇ. ಅದರಲ್ಲಿ ನಾನೊಬ್ಬ.

ಆಗ ನಮಗೆ ಲೆಕ್ಕ ಗೊತ್ತಿರಲಿಲ್ಲ. ಸಿವಿಲ್ ಪೊಲೀಸ್ ಕಾನ್ಸ್‌ಟೇಬಲ್ ಹುದ್ದೆಗೆ ಮೊದಲು ಲಿಖಿತ ಪರೀಕ್ಷೆ. ಅದರಲ್ಲಿ ಮುಂದಿರುವವರನ್ನು ಒಂದು ಹುದ್ದೆಗೆ ಐವರಂತೆ ದೈಹಿಕ ಪರೀಕ್ಷೆಗೆ ಕರೆಯುತ್ತಾರೆ. ಮೈದಾನದಲ್ಲಿ ಪಾಸು ಅಥವಾ ಫೇಲು, ಅಷ್ಟೇ. ನೀವು 1600 ಮೀಟರ್ ಐದೇ ನಿಮಿಷದಲ್ಲಿ ಓಡಿದರೂ ಒಂದು ಅಂಕ ಜಾಸ್ತಿ ಸಿಗುವುದಿಲ್ಲ. ಆಯ್ಕೆ ಪಟ್ಟಿಯಲ್ಲಿ ಹೆಸರು ಮೇಲೆ ಕೆಳಗೆ ಆಗುವುದು ಬರೆದ ಅಂಕದ ಮೇಲೆ. ನಾವೋ, ದಿನಕ್ಕೆ ಎರಡು ಗಂಟೆ ಓಡಿ, ಸುಸ್ತಾಗಿ ಮಲಗಿ, ಪುಸ್ತಕ ಮುಟ್ಟದೆ ಕಾಲ ಕಳೆದೆವು.

ಮೊದಲ ಸಲ ಬರೆದಾಗ ಆದ ಅನಾಹುತ ಇದು. ನೂರು ಪ್ರಶ್ನೆ, ನೂರು ಅಂಕ, ಒಂದೂವರೆ ಗಂಟೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ‘ಬಿಡಬೇಡ, ಎಲ್ಲಾ ತುಂಬ್ಸು, ಅದೃಷ್ಟ ಇದ್ರೆ ಹತ್ತದೆ’ ಅಂತ ಹೇಳಿಕೊಟ್ಟವರ ಮಾತು ಕೇಳಿ ಓಎಂಆರ್ ಹಾಳೆಯ ನೂರೂ ಸುತ್ತುಗಳನ್ನು ಕಪ್ಪು ಮಾಡಿ ಬಂದೆ. ಕೀ ಉತ್ತರ ಬಂದ ದಿನ ಕೂತು ಎಣಿಸಿದರೆ ಸರಿ 58, ತಪ್ಪು 42. ಹತ್ತೂವರೆ ಅಂಕ ಹೋಯಿತು. ಉಳಿದದ್ದು 47.5. ಎರಡನೇ ಸಲ ಗೊತ್ತೇ ಇಲ್ಲದ 14 ಪ್ರಶ್ನೆ ಖಾಲಿ ಬಿಟ್ಟೆ. ಸರಿ 70, ತಪ್ಪು 16. ನಾಲ್ಕು ಕಳೆದು 66. ನಾಲ್ಕರಲ್ಲಿ ಎರಡು ಉತ್ತರವನ್ನಾದರೂ ಖಚಿತವಾಗಿ ತೆಗೆದುಹಾಕಲು ಆದರೆ ಮಾತ್ರ ಗುರುತು ಹಾಕು, ಇಲ್ಲದಿದ್ದರೆ ಮುಂದಕ್ಕೆ ಹೋಗು ಅನ್ನುವುದು ನಾನು ನನಗೇ ಹಾಕಿಕೊಂಡ ನಿಯಮ.

ಎರಡನೇ ಸಲಕ್ಕೆ ತುಮಕೂರಿಗೆ ಬಂದು ಮೂವರ ಜೊತೆ ರೂಮ್ ಮಾಡಿದ್ದೆ. ಕೋಚಿಂಗ್‌ಗೆ ಕೊಡಲು ದುಡ್ಡಿರಲಿಲ್ಲ, ಗ್ರಂಥಾಲಯದಲ್ಲಿ ಕೂರುತ್ತಿದ್ದೆ. ಎಲ್ಲರ ಕೈಯಲ್ಲೂ ಇಟ್ಟಿಗೆಯಂಥ ಸಾಮಾನ್ಯ ಜ್ಞಾನದ ಪುಸ್ತಕ. ನಾನು ಅಂಥದ್ದೊಂದನ್ನು ಅರ್ಧ ಓದಿ ಬಿಟ್ಟು, ಆರರಿಂದ ಹತ್ತನೇ ತರಗತಿವರೆಗಿನ ವಿಜ್ಞಾನ, ಸಮಾಜ ಪಠ್ಯಪುಸ್ತಕಗಳನ್ನು ಅಕ್ಕನ ಮಗನಿಂದ ತರಿಸಿಕೊಂಡೆ. ಇತಿಹಾಸ, ಸಂವಿಧಾನ, ಭೂಗೋಳದ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಬುಡ ಅಲ್ಲೇ ಇತ್ತು. ಮಾನಸಿಕ ಸಾಮರ್ಥ್ಯಕ್ಕೆ ಮಾತ್ರ ಪುಸ್ತಕ ಓದಿದರೆ ಆಗದು, ದಿನಕ್ಕೆ ಇಪ್ಪತ್ತು ಲೆಕ್ಕ ಗಡಿಯಾರ ಇಟ್ಟುಕೊಂಡು ಮಾಡಲೇಬೇಕು.

ಘಟಕ ಆರಿಸಿಕೊಳ್ಳುವಾಗ ಮನೆಯಲ್ಲಿ ಜಗಳವೇ ಆಯಿತು. ಹುದ್ದೆ ಜಿಲ್ಲಾವಾರು, ನಗರವಾರು ಹಂಚಿಕೆಯಾಗಿರುತ್ತದೆ, ಕಟಾಫ್, ಅಂದರೆ ಆಯ್ಕೆಯಾಗಲು ಬೇಕಾದ ಕನಿಷ್ಠ ಅಂಕ ಕೂಡ ಒಂದೊಂದು ಕಡೆ ಒಂದೊಂದು. ಬೆಂಗಳೂರು ನಗರಕ್ಕೆ ಹುದ್ದೆ ಜಾಸ್ತಿ ಅಂತ ನಮ್ಮ ಕಡೆಯ ಅರ್ಧ ಹುಡುಗರು ಅಲ್ಲಿಗೇ ಹಾಕುತ್ತಾರೆ. ಅಪ್ಪನಿಗೆ ಎರಡೆಕರೆ ರಾಗಿ ಹೊಲ, ಒಂದು ಮಂಡಿ ನೋವು. ನಾನು ತುಮಕೂರು ಹಾಕಿದೆ. ನಗರ ಅಂದರೂ ಇಲ್ಲಿ ಪೊಲೀಸ್ ಕಮಿಷನರ್ ಇಲ್ಲ, ಜಿಲ್ಲಾ ಎಸ್‌ಪಿ ಕೈಕೆಳಗೇ ಎಲ್ಲಾ ಠಾಣೆ.

ದೈಹಿಕ ಪರೀಕ್ಷೆಗೆ ಬರೋಣ. ಎತ್ತರ 168 ಸೆಂ.ಮೀ. ಬೇಕು, ಎದೆ ಉಬ್ಬಿಸಿದಾಗ 86, ಉಬ್ಬು ಕನಿಷ್ಠ 5. ನಾನು ಅರ್ಧ ಸೆಂಟಿಮೀಟರ್‌ನಲ್ಲಿ ಬಚಾವಾದೆ. 1600 ಮೀಟರ್‌ಗೆ 6 ನಿಮಿಷ 30 ಸೆಕೆಂಡ್. 400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು, ಅಂದರೆ ಸುತ್ತಿಗೆ 97 ಸೆಕೆಂಡಿನ ಆಸುಪಾಸು. ಮೊದಲ ಸುತ್ತಲ್ಲೇ 75 ಸೆಕೆಂಡಿಗೆ ನುಗ್ಗಿದವರು ಮೂರನೇ ಸುತ್ತಿನಲ್ಲಿ ಸೊಂಟ ಹಿಡಿದು ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಏರಿ ಮೇಲೆ ನೆಟ್ಟಗೆ ಓಡಿ ರೂಢಿಯಾದವನಿಗೆ ತಿರುವಿನಲ್ಲಿ ಓಡುವುದೇ ಬೇರೆ. ಕೊನೆಯ ಎರಡು ತಿಂಗಳಾದರೂ ಸುತ್ತು ಓಡಬೇಕು. ಇನ್ನೊಂದು ಮಾತು: ಅಭ್ಯಾಸದ ಒಂದು ದಿನ ಕ್ಯಾತ್ಸಂದ್ರದಲ್ಲಿ ಮೂರು ತಟ್ಟೆ ಇಡ್ಲಿ, ಬೆಣ್ಣೆ ಸಮೇತ ತಿಂದು ಓಡಲು ಹೋಗಿದ್ದೆ. ಆ ದಿನದ ಸಮಯ ಇಲ್ಲಿ ಬರೆಯುವುದಿಲ್ಲ.

ನನ್ನನ್ನು ನಿಜಕ್ಕೂ ಹೆದರಿಸಿದ್ದು ಗುಂಡು ಎಸೆತ. 7.26 ಕೆ.ಜಿ. ಗುಂಡು, 5.60 ಮೀಟರ್ ದಾಟಬೇಕು, ಮೂರು ಅವಕಾಶ. ಊರಲ್ಲಿ ಕಲ್ಲು ಎತ್ತಿ ಎಸೆದು ಅಭ್ಯಾಸ ಮಾಡಿದ್ದೆವು. ಅದೇ ಮುಳುವಾಯಿತು. ಕಲ್ಲನ್ನು ನಾವು ಚೆಂಡಿನ ಥರ ಬೀಸುತ್ತಿದ್ದೆವು. ಗುಂಡನ್ನು ಬೀಸಬಾರದು, ತಳ್ಳಬೇಕು. ಮೊದಲನೇ ಎಸೆತ 5.10. ಎರಡನೆಯದು 5.45. ಅಂಗೈ ಬೆವರಿತ್ತು. ಪಕ್ಕದಲ್ಲಿದ್ದ, ಹೆಸರೂ ಗೊತ್ತಿಲ್ಲದ ಕುಣಿಗಲ್ ಕಡೆಯ ಹುಡುಗ ಮೆಲ್ಲಗೆ ಅಂದ: ‘ಅಣ್ಣ, ಅಂಗೈಗೆ ಬಿಡ್ಬೇಡ, ಬೆರಳ ಬುಡದಲ್ಲಿ ಕೂರ್ಸು. ಕುತ್ತಿಗೆಗೆ ಒತ್ಕೊ. ಮಂಡಿ ಬಗ್ಗಿಸಿ ಏಳು, ಕೈ ಕೊನೇಲಿ ಬರ್ಲಿ.’ ಮಣ್ಣು ಉಜ್ಜಿಕೊಂಡು ಹಾಗೇ ಮಾಡಿದೆ. 5.80. ಉದ್ದ ಜಿಗಿತಕ್ಕೆ 3.80 ಮೀಟರ್ ಬೇಕು, ಅದು ಮೊದಲ ಸಲಕ್ಕೇ ಆಯಿತು.

ಇಷ್ಟೆಲ್ಲ ಗೆದ್ದು ಕಾಗದದಲ್ಲಿ ಸೋತವರಿದ್ದಾರೆ. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ ಪ್ರಮಾಣಪತ್ರ, ಅದಕ್ಕೆ ಮುಖ್ಯ ಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಕನ್ನಡ ಮಾಧ್ಯಮದ್ದು ಬೇರೆ, ಜಾತಿಯದ್ದು ಬೇರೆ. ಅರ್ಜಿಯ ಕೊನೆಯ ದಿನಾಂಕಕ್ಕೆ ಮುಂಚೆಯೇ ಇವೆಲ್ಲ ನಿಮ್ಮ ಕೈಯಲ್ಲಿರಬೇಕು. ನನ್ನ ರೂಮಿನವನೊಬ್ಬ ‘ಸೆಲೆಕ್ಟ್ ಆದ್ಮೇಲೆ ತಗೊಂಡ್ರಾಯ್ತು’ ಅಂತಿದ್ದ. ದಾಖಲೆ ಪರಿಶೀಲನೆ ದಿನ ಅವನ ಪತ್ರದ ಮೇಲಿನ ತಾರೀಖು ನೋಡಿ ವಾಪಸ್ ಕೊಟ್ಟರು. ಸಾಮಾನ್ಯ ವರ್ಗದಲ್ಲಿ ಪರಿಗಣಿಸಿದಾಗ ಅಂಕ ಸಾಲಲಿಲ್ಲ. ನಡತೆ ಪರಿಶೀಲನೆಗೂ ಇದೇ ಮಾತು: ಊರ ಹಬ್ಬದ ಹೊಡೆದಾಟದ ಕೇಸಿದ್ದರೂ ನಮೂನೆಯಲ್ಲಿ ಬರೆಯಿರಿ. ಕೇಸಿಗಿಂತ ಮುಚ್ಚಿಟ್ಟದ್ದೇ ದೊಡ್ಡದಾಗುತ್ತದೆ.

ತರಬೇತಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕತ್ತಲಲ್ಲಿ ಬಿಗಿಲು, ಪಿ.ಟಿ., ಡ್ರಿಲ್, ಮಧ್ಯಾಹ್ನ ಕಾನೂನು ತರಗತಿಯಲ್ಲಿ ತೂಕಡಿಕೆ. ಆ ತೂಕಡಿಕೆಗೆ ಬಡ್ಡಿ ಸಮೇತ ಕಟ್ಟಿದ್ದು ಠಾಣೆಗೆ ಬಂದ ಮೇಲೆ.

ಠಾಣೆಗೆ ಹಾಜರಾದ ದಿನ ಲಾಠಿ ಕೊಡುತ್ತಾರೆ ಅಂದುಕೊಂಡಿದ್ದೆ. ಎಎಸ್‌ಐ ಸಾಹೇಬರು ಕೇಳಿದ್ದು, ‘ಕನ್ನಡ ನೆಟ್ಟಗೆ ಬರಿಯಕ್ಕೆ ಬತ್ತದೇನಪ್ಪ?’ ಬತ್ತದೆ ಸಾರ್ ಅಂದೆ. ಸ್ಟೇಷನ್ ರೈಟರ್ ಪಕ್ಕ ಕೂರಿಸಿದರು. ಠಾಣಾ ದಿನಚರಿ, ಸಮನ್ಸ್, ವಾರಂಟ್, ಬೀಟ್ ಪುಸ್ತಕ, ಪಿಟಿಷನ್‌ಗೆ ಹಿಂಬರಹ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ ಬಂದೋಬಸ್ತ್ ಅಂದರೆ ಜನಸಂದಣಿಯಲ್ಲಿ ನಿಲ್ಲುವುದು ಅಂತ ತಿಳಿದು ಹೋದರೆ, ನನಗೆ ಸಿಕ್ಕಿದ್ದು ತಪ್ಪಿಸಿಕೊಂಡ ಮಕ್ಕಳ ಹೆಸರು, ಅಂಗಿ ಬಣ್ಣ, ಅಪ್ಪನ ಹೆಸರು ಬರೆದುಕೊಳ್ಳುವ ಕೆಲಸ. ‘ಅಪ್ಪನ ಹೆಸರೇನು ಪುಟ್ಟ?’ ಅಂದರೆ ಒಂದು ಮಗು ‘ಅಪ್ಪ’ ಅಂತಲೇ ಹೇಳಿತು.

ಮಹಜರು ಅಂದರೆ ಘಟನೆ ನಡೆದ ಜಾಗಕ್ಕೆ ಹೋಗಿ, ಕಂಡದ್ದನ್ನು ಸಾಕ್ಷಿಗಳ ಎದುರು ಬರೆಯುವ ದಾಖಲೆ. ನನ್ನ ಮೊದಲ ಮಹಜರು ಒಂದು ದಿನಸಿ ಅಂಗಡಿಯದು. ಶಟರ್ ಬೀಗ ಮೀಟಿದ್ದರು. ಪಿಎಸ್‌ಐ ಹೇಳುತ್ತಾ ಹೋದರು, ನಾನು ತೊಡೆ ಮೇಲೆ ಪ್ಯಾಡ್ ಇಟ್ಟುಕೊಂಡು ಬರೆದೆ. ಪಂಚರಾಗಿ, ಅಂದರೆ ಆ ಸಾಕ್ಷಿಗಳಾಗಿ ಸಹಿ ಹಾಕಲು ಇಬ್ಬರನ್ನು ಹಿಡಿಯುವಷ್ಟರಲ್ಲಿ ಸಾಕಾಯಿತು. ನೋಡಲು ನಿಂತಿದ್ದ ಇಪ್ಪತ್ತು ಜನ ‘ಪಂಚರು ಬೇಕು’ ಅಂದಕೂಡಲೇ ಮಾಯ. ಚಕ್ಕುಬಂದಿ, ಅಂದರೆ ಯಾವ ದಿಕ್ಕಿಗೆ ಏನಿದೆ ಅಂತ ಬರೆಯುವಾಗ ಅಂಗಡಿ ಬಾಗಿಲು ಪೂರ್ವಕ್ಕೆ ಅಂತ ಬರೆದೆ. ಅದು ಇದ್ದದ್ದು ಉತ್ತರಕ್ಕೆ. ಯಾರೂ ಗಮನಿಸಲಿಲ್ಲ, ಆರೋಪಿ ಪರ ವಕೀಲರ ಹೊರತು. ಎರಡು ವರ್ಷದ ಮೇಲೆ ಕಟಕಟೆಯಲ್ಲಿ ನಿಲ್ಲಿಸಿ, ‘ನೀವು ಅಂಗಡಿ ಹತ್ರ ಹೋಗೇ ಇಲ್ಲ, ಠಾಣೆಲಿ ಕೂತು ಬರ್ದಿದ್ದೀರಿ ಅಂದ್ರೆ?’ ಅಂದರು. ಸುಳ್ಳು ಅಂದೆ. ಆದರೆ ನನ್ನದೇ ಅಕ್ಷರ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಆ ಕೇಸು ಅದೊಂದರಿಂದಲೇ ಬಿದ್ದುಹೋಯಿತು ಅನ್ನಲಾರೆ. ಅಲ್ಲಿಂದಾಚೆಗೆ ಮೊಬೈಲ್‌ನಲ್ಲಿ ದಿಕ್ಸೂಚಿ ನೋಡದೆ ನಾನು ಪೂರ್ವ ಅಂತ ಬರೆದಿಲ್ಲ.

2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ ಹೋಗಿ ಹೊಸ ಕಾನೂನು ಬಂದಾಗ ಹಿರಿಯರೂ ನಾವೂ ಒಂದೇ ಬೆಂಚು. ಇಪ್ಪತ್ತೈದು ವರ್ಷ 379 ಅಂದರೆ ಕಳವು ಅಂತ ನಾಲಿಗೆಗೆ ಹತ್ತಿದ್ದ ಹೆಡ್ ಕಾನ್ಸ್‌ಟೇಬಲ್‌ಗೆ ಅದು ಭಾರತೀಯ ನ್ಯಾಯ ಸಂಹಿತೆಯಲ್ಲಿ 303(2) ಆಯಿತು. ಕೊಲೆ 302 ಹೋಗಿ 103. ಎಫ್‌ಐಆರ್‌ನ ಕಲಂ 154 ಹೋಗಿ ನಾಗರಿಕ ಸುರಕ್ಷಾ ಸಂಹಿತೆಯ 173. ಶೋಧ, ಜಪ್ತಿ ಮಾಡುವಾಗ ವಿಡಿಯೊ ಕಡ್ಡಾಯ. ಮೇಜಿನ ಗಾಜಿನ ಕೆಳಗೆ ಹಳೇ ಕಲಂ, ಹೊಸ ಕಲಂ ಪಟ್ಟಿ ಬರೆದಿಟ್ಟುಕೊಂಡೆವು. ಹಾಳೆ ಈಗ ಹಳದಿಯಾಗಿದೆ, ಆದರೂ ತೆಗೆದಿಲ್ಲ.

ಸರಗಳ್ಳತನದಂಥ, ಕಿತ್ತುಕೊಂಡು ಹೋಗುವ ಕಳವಿಗೆ ಅಂತಲೇ ಒಂದು ಹೊಸ ಕಲಂ ಬಂದಿದೆ, 304. ದಿಢೀರನೆ ಅಥವಾ ಬಲವಂತವಾಗಿ ಕಿತ್ತುಕೊಂಡರೆ ಅದು. ಹೋದ ತಿಂಗಳು ಸಂಜೆ ಒಬ್ಬರು ಅಜ್ಜಿ ಬಂದರು. ಬಸ್ ಸ್ಟ್ಯಾಂಡಿನಲ್ಲಿ ಸರ ಹೋಗಿದೆ. ಅಳುತ್ತಾ ಹೇಳಿದ್ದನ್ನು ಬರೆದುಕೊಂಡೆ. ಬರೆದದ್ದನ್ನು ಹೇಳಿದವರಿಗೆ ಓದಿ ಹೇಳಿ ಸಹಿ ಹಾಕಿಸಬೇಕು, ಎಫ್‌ಐಆರ್ ಪ್ರತಿ ಬಿಟ್ಟಿ ಕೊಡಬೇಕು ಅನ್ನುವುದು ಕಾನೂನು. ಓದಿದೆ: ‘ಯಾರೋ ಅಪರಿಚಿತರು ನನ್ನ ಕತ್ತಿನಲ್ಲಿದ್ದ ಸರವನ್ನು ಕಿತ್ತುಕೊಂಡು...’

‘ತಡಿ ಮಗಾ. ಕಿತ್ಕಂಡ್ರು ಅಂತ ನಾನೆಲ್ಲಿ ಅಂದೆ? ಬಸ್ ಹತ್ತೋವಾಗ ಇತ್ತು. ಸೀಟಲ್ಲಿ ಕೂತು ಸೆರಗು ಸರಿ ಮಾಡ್ಕಳಾಕೆ ಹೋದ್ರೆ ಇರ್ನಿಲ್ಲ.’

ಹಿಂದೆ ಕೂತಿದ್ದ ಎಎಸ್‌ಐ ಕೆಮ್ಮಿದರು. ನಾನು ಆ ಹಾಳೆ ಪಕ್ಕಕ್ಕಿಟ್ಟು ಬೇರೆ ತೆಗೆದುಕೊಂಡೆ. ಹತ್ತುವಾಗ ಹಿಂದೆ ಯಾರಿದ್ದರು, ಕೈಯಲ್ಲಿ ಚೀಲವಿತ್ತಾ, ಯಾವ ಊರ ಬಸ್ಸು, ಮೊದಲಿಂದ ಕೇಳುತ್ತಾ ಬಂದೆ. ‘ತಡ ಆಯ್ತದೆ ಅಜ್ಜಿ, ಪರವಾಗಿಲ್ವಾ?’ ಅಂದೆ.

‘ಹೋಗೋ ಬಸ್ಸು ಹೋಯ್ತು. ನೀನು ನಿಧಾನಕ್ಕೇ ಬರಿ’ ಅಂತ ಬೆಂಚಿನ ಮೇಲೆ ಕಾಲು ಮಡಚಿ ಕೂತರು.