ಮುರದ ಅಂಗಳಕ್ಕೆ ಗಿಡ ಆರಿಸಿದ್ದು

ಹೂ ತುಂಬಿ ನಿಂತದ್ದನ್ನು ಕಂಡು ನರ್ಸರಿಯಿಂದ ಗಿಡ ತರುವ ಕ್ರಮ ನನ್ನದಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ನೆಲವೆಲ್ಲ ಮುರ, ಅಂದರೆ ಜಂಬಿಟ್ಟಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದೆ ಹೊಡೆಯುತ್ತದೆ. ಮಾರ್ಚ್ ಬಂದರೆ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದ) ನೀರು ಅಡಿಕೆ ತೋಟಕ್ಕೇ ಸಾಲದು. ಎರಡನ್ನೂ ತಾಳುವ ಗಿಡ ಬೇಕು. ಹಾಗಾಗಿ ನಾನು ಮೊದಲು ನೋಡಿದ್ದು ಎಲೆ, ಆಮೇಲೆ ಪರಿಮಳ, ಹೂವಿನ ಬಣ್ಣ ಕೊನೆಗೆ.

ಆಟಿಯ (ಜುಲೈ–ಆಗಸ್ಟ್‌ನ ತುಳು ತಿಂಗಳ) ಮಳೆಗೆ ಅರಳಿದ ಹೂವೆಲ್ಲ ಕೊಳೆತು ಉದುರುವಾಗ ಅಂಗಳಕ್ಕೆ ಕಳೆ ಕೊಡುವುದು ಕ್ರೋಟನ್. ಮಳೆ ಹಿಡಿದ ಮೇಲೆ ಗೆಲ್ಲು ಊರಿದರೆ ಸುಲಭವಾಗಿ ಬೇರು ಬಿಡುತ್ತದೆ. ಆದರೆ ಬಿಸಿಲು ಬೇಕೇ ಬೇಕು. ಅಡಿಕೆಯ ನೆರಳಿಗೆ ಸಿಕ್ಕಿದರೆ ಕೆಂಪು, ಹಳದಿ ಮಾಸಿ ಬರೀ ಹಸಿರಾಗುತ್ತದೆ. ಪಕ್ಕದಲ್ಲಿ ಮುಸ್ಸಂಡ ಇಟ್ಟೆ. ಅದರ ಬಿಳಿ 'ಎಲೆ' ಹೂವಿನ ಪುಷ್ಪಪತ್ರ (ಎಸಳಿನ ಹೊರಸುತ್ತಿನ ಭಾಗ), ಹಾಗಾಗಿ ಚಿಕ್ಕ ಕಿತ್ತಳೆ ಹೂ ಉದುರಿದ ಮೇಲೂ ಉಳಿಯುತ್ತದೆ.

ಪರಿಮಳದಲ್ಲಿ ನನಗೆ ಗಂಧರಾಜನ ಮುಂದೆ ಬೇರೆ ಗಿಡ ಇಲ್ಲ. ಮೇ ತಿಂಗಳ ಮೊದಲ ಮಳೆಗಳಿಗೆ ಬಿಳಿಯಾಗಿ ಅರಳಿ, ಎರಡು ಮೂರು ದಿನದಲ್ಲಿ ಹಳದಿಗೆ ತಿರುಗುತ್ತದೆ. ಇದಕ್ಕೆ ಹುಳಿ ಮಣ್ಣು ಬೇಕು. ನಮ್ಮ ಮುರಮಣ್ಣು ಸ್ವಭಾವತಃ ಹುಳಿ. ಹೊಸ ಮನೆಯವರು ಇದನ್ನು ಗೋಡೆಯ ಬುಡದಲ್ಲಿ, ಸಿಮೆಂಟಿನ ಚೂರು ಬಿದ್ದಲ್ಲಿ ನೆಡುತ್ತಾರೆ. ಸುಣ್ಣದ ಅಂಶದಿಂದ ಬೇರಿಗೆ ಕಬ್ಬಿಣ ಸಿಗದೆ, ನರ ಹಸಿರಾಗಿಯೇ ಇದ್ದು ಎಳೆ ಎಲೆ ಹಳದಿಯಾಗುತ್ತದೆ. ಎಲ್ಲದಕ್ಕೂ ಹಾಕುವ ಸುಡುಮಣ್ಣಿನಲ್ಲೂ (ಕಸಕಡ್ಡಿಯ ಜೊತೆ ಸುಟ್ಟ ಮಣ್ಣು) ಬೂದಿ ಇರುತ್ತದಲ್ಲ, ಬೂದಿಯೂ ಸುಣ್ಣದ ಹಾಗೆಯೇ ಹುಳಿ ತಗ್ಗಿಸುತ್ತದೆ, ಅದನ್ನೂ ನಾನು ಗಂಧರಾಜನಿಗೆ ಕೊಡಲಿಲ್ಲ. ಹಟ್ಟಿಗೊಬ್ಬರ, ತರಗೆಲೆ ಮಾತ್ರ. ರಾತ್ರಿರಾಣಿಯ ಘಾಟು ಕೆಲವರಿಗೆ ತಲೆನೋವು ತರುತ್ತದೆ, ಅದು ಗೇಟಿನ ಬಳಿಗೆ ಹೋಯಿತು. ಪಾರಿಜಾತ ಬಾವಿಯ ದಾರಿಗೆ: ಹೂ ಬೆಳಗಾಗುವಾಗ ಉದುರುತ್ತದೆ, ಹೆಕ್ಕಲು ಅಲ್ಲಿ ಅನುಕೂಲ. ಸೋಣ ತಿಂಗಳ (ಆಗಸ್ಟ್–ಸೆಪ್ಟೆಂಬರ್) ಹೊಸ್ತಿಲು ಪೂಜೆಗೂ ಒದಗುತ್ತದೆ.

ಮುರಕಲ್ಲಿನಲ್ಲಿ ಪಿಕ್ಕಾಸಿನಿಂದ ತೋಡಿದ ಗುಂಡಿ ಮಳೆಗಾಲದಲ್ಲಿ ಕೊಪ್ಪರಿಗೆಯ ಹಾಗೆ ನೀರು ನಿಲ್ಲಿಸಿಕೊಳ್ಳುತ್ತದೆ, ಬೇರು ಕೊಳೆಯುತ್ತದೆ. ಗುಂಡಿಯ ತಗ್ಗಿನ ಬದಿ ಒಡೆದು ನೀರು ಹರಿದುಹೋಗಲು ಸಣ್ಣ ಕಣಿ (ಕಾಲುವೆ) ಬಿಟ್ಟೆ. ನನ್ನ ಮಟ್ಟಿಗೆ ಈ ಕಣಿ ಗೊಬ್ಬರಕ್ಕಿಂತ ಮುಖ್ಯ.

ಬೇಸಗೆಗೆ ಗುಡ್ಡೆಯ ಕೇಪಳವೇ (ಇಕ್ಸೋರ) ಸಾಕೆನಿಸಿತು. ನೀರೆರೆಯದಿದ್ದರೂ ಗೊಂಚಲು ಗೊಂಚಲಾಗಿ ಹೂ ಬಿಡುತ್ತದೆ. ನಂತರ ಕೆಂಪು ಹಣ್ಣು, ಮಕ್ಕಳಿಗೂ ಪಿಕಳಾರಗಳಿಗೂ. ನರ್ಸರಿಯ ಗಿಡ್ಡ ಕೇಪಳ ಅಂಚುಕಟ್ಟಲು ಚೆಂದ, ಆದರೆ ಬಿಸಿಲಲ್ಲಿ ನೀರು ಕೇಳುತ್ತದೆ. ಗುಡ್ಡೆಯ ನೆಕ್ಕರಿಕವನ್ನೂ ತಂದೆ. ಆ ನೇರಳೆ ಹೂವನ್ನು ಯಾರೂ ಅಲಂಕಾರಕ್ಕೆ ಲೆಕ್ಕ ಹಿಡಿಯುವುದಿಲ್ಲ ಎಂಬುದು ನನಗೆ ಬೇಸರ.

ನವೆಂಬರ್, ಡಿಸೆಂಬರ್‌ಗೆ ಉಳಿದದ್ದು ಗೋರಟೆ. ಹೂ ಮುಗಿದ ಮೇಲೆ ಮೊಣಕಾಲೆತ್ತರಕ್ಕೆ ಕತ್ತರಿಸುತ್ತೇನೆ, ಮಳೆಗೆ ದಟ್ಟವಾಗಿ ಚಿಗುರುತ್ತದೆ. ಒಂದು ಗಿಡ ತಂದರೆ ಸಾಕು, ಬೀಜ ಸಿಡಿದು ಬೇಲಿಯುದ್ದಕ್ಕೂ ತಾನಾಗಿ ಹುಟ್ಟಿಕೊಳ್ಳುತ್ತದೆ.