ಅಮೆರಿಕದ ಬಾಡಿಗೆ ಮನೆ ಮಾರಿದಾಗ ಡಿಪ್ರಿಸಿಯೇಷನ್ ಲೆಕ್ಕ: ನನ್ನ ಅನುಭವ

ಡಾಲಸ್ ಹತ್ತಿರ ಬಾಡಿಗೆಗೆ ಕೊಟ್ಟಿದ್ದ ಮನೆಯನ್ನು 2023ರಲ್ಲಿ ಮಾರಿದೆವು. ಏಜೆಂಟ್‌ಗೆ ಫೋನ್ ಮಾಡುವ ಮೊದಲೇ ಹಳೆಯ ಟ್ಯಾಕ್ಸ್ ರಿಟರ್ನ್‌ಗಳನ್ನೆಲ್ಲ ಹರಡಿಕೊಂಡು ಕೂತೆ. ಅಲ್ಲಿಯವರೆಗೆ ಎಷ್ಟು ಡಿಪ್ರಿಸಿಯೇಷನ್ (ಕಟ್ಟಡದ ಸವಕಳಿ ಅಂತ ಆದಾಯದಿಂದ ಕಳೆಯುವ ಮೊತ್ತ) ಆಗಿದೆ ಅಂತ ಕೂಡಿಸಬೇಕಿತ್ತು.

ಊರಲ್ಲಿ ಬಾಡಿಗೆ ಮನೆ ಇಟ್ಟವರಿಗೆ ಇದು ಹೊಸದು. ಭಾರತದಲ್ಲಿ ಬಾಡಿಗೆ ಆದಾಯದಲ್ಲಿ 30% ಕಳೆದುಕೊಂಡರೆ ಆಯಿತು, ಸವಕಳಿಯ ಮಾತೇ ಇಲ್ಲ. ಇಲ್ಲಿ ಹಾಗಲ್ಲ. ಜಾಗದ ಬೆಲೆ ಬಿಟ್ಟು ಕಟ್ಟಡದ ಬೆಲೆಯನ್ನು 27.5 ವರ್ಷಕ್ಕೆ ಹಂಚಿ ಪ್ರತಿ ವರ್ಷ ಆದಾಯದಿಂದ ಕಳೆಯುತ್ತೇವೆ, ಮಾರುವಾಗ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಹಾಗೆ ಕಳೆದದ್ದಕ್ಕೆ ಟ್ಯಾಕ್ಸ್ ಕೇಳುತ್ತದೆ.

ನಮ್ಮದು ಸುಮಾರಾಗಿ ಹೀಗಿತ್ತು. 2012ರಲ್ಲಿ ಕೊಂಡಿದ್ದು 2,20,000 ಡಾಲರ್‌ಗೆ, ಅದರಲ್ಲಿ ಜಾಗ 40,000. ಉಳಿದ 1,80,000ಕ್ಕೆ ವರ್ಷಕ್ಕೆ 6,545ರಂತೆ ಒಟ್ಟು 72,000 ಡಿಪ್ರಿಸಿಯೇಷನ್. ಹಾಗಾಗಿ ಮನೆಯ ಬೇಸಿಸ್ (ಲಾಭ ಲೆಕ್ಕ ಹಾಕಲು ಹಿಡಿಯುವ ಕೊಂಡ ಬೆಲೆ) 1,48,000ಕ್ಕೆ ಇಳಿದಿತ್ತು. ಕಮಿಷನ್, ಖರ್ಚು ಕಳೆದು ಕೈಗೆ ಬಂದಿದ್ದು 3,60,000, ಅಂದರೆ ಲಾಭ 2,12,000. ಇದರಲ್ಲಿ 72,000ಕ್ಕೆ ಟ್ಯಾಕ್ಸ್ ದರ 25% ವರೆಗೆ ಹೋಗಬಹುದು, ಉಳಿದ 1,40,000 ಮಾಮೂಲಿ ದೀರ್ಘಾವಧಿ ಲಾಭ, ನಮಗೆ 15%. ಆ ವರ್ಷ ನಮ್ಮ ಆದಾಯ 2,50,000 ದಾಟಿದ್ದರಿಂದ ಒಂದಿಷ್ಟಕ್ಕೆ 3.8% ಹೆಚ್ಚುವರಿ ಟ್ಯಾಕ್ಸ್ ಬೇರೆ. ಟೆಕ್ಸಾಸ್‌ನಲ್ಲಿ ರಾಜ್ಯದ ಇನ್ಕಮ್ ಟ್ಯಾಕ್ಸ್ ಇಲ್ಲ, ಅದೊಂದು ಪುಣ್ಯ. ಕ್ಯಾಲಿಫೋರ್ನಿಯಾದವರು ಅದನ್ನೂ ಸೇರಿಸಿಕೊಳ್ಳಬೇಕು.

"ನಾನು ಡಿಪ್ರಿಸಿಯೇಷನ್ ತಗೊಂಡೇ ಇಲ್ಲ, ಹಾಗಾಗಿ ಕಟ್ಟೋದೂ ಬೇಡ" ಅನ್ನುವ ಗೆಳೆಯರು ತುಂಬಾ ಜನ ಇದ್ದಾರೆ. ದಯವಿಟ್ಟು ಇದನ್ನು ನಂಬಬೇಡಿ. ನೀವು ತಗೊಳ್ಳದಿದ್ದರೂ ತಗೊಳ್ಳಬಹುದಾಗಿದ್ದಷ್ಟನ್ನು ಬೇಸಿಸ್‌ನಿಂದ ಕಳೆದೇ ಲಾಭ ಲೆಕ್ಕ ಹಾಕುತ್ತಾರೆ. ಅಂದರೆ ಅನುಕೂಲ ಸಿಗಲಿಲ್ಲ, ಟ್ಯಾಕ್ಸ್ ಮಾತ್ರ ಬಂತು! ಬಿಟ್ಟುಹೋದದ್ದನ್ನು ಒಟ್ಟಿಗೆ ಪಡೆಯಲು ಫಾರ್ಮ್ 3115 ಇದೆ, ಅದನ್ನು ಗೊತ್ತಿರುವ ಸಿಪಿಎ (ಅಲ್ಲಿನ ಲೆಕ್ಕಪರಿಶೋಧಕರು) ಕೈಯಲ್ಲೇ ಮಾಡಿಸಿ.

ಇನ್ನೊಂದು ಕಡೆ ನಮಗೆ ಒಳ್ಳೆಯದೇ ಆಯಿತು. ಸಂಬಳ 1,50,000 ಡಾಲರ್ ದಾಟಿದ ವರ್ಷಗಳಲ್ಲಿ ಬಾಡಿಗೆಯ ನಷ್ಟವನ್ನು ಸಂಬಳದಿಂದ ಕಳೆಯಲು ಬಿಡಲಿಲ್ಲ, ಫಾರ್ಮ್ 8582ರಲ್ಲಿ ಅದು ಸುಮ್ನೆ ಮುಂದಕ್ಕೆ ಹೋಗುತ್ತಿತ್ತು. ಮನೆಯನ್ನು ಪೂರ್ತಿ ಹೊರಗಿನವರಿಗೆ ಮಾರಿದ ವರ್ಷ ಆ ಗಂಟೆಲ್ಲ ಬಿಚ್ಚಿಕೊಂಡಿತು, ಕೂಡಿಟ್ಟ ನಷ್ಟವನ್ನೆಲ್ಲ ಆಗ ಕಳೆದುಕೊಳ್ಳಲು ಸಿಕ್ಕಿತು. ಟ್ಯಾಕ್ಸ್ ಸಾಫ್ಟ್‌ವೇರ್ ಬದಲಿಸಿದವರು ಹೀಗೆ ಮುಂದಕ್ಕೆ ಹೋದ ಹಳೆಯ ಅಂಕಿಗಳು ಹೊಸದಕ್ಕೆ ಬಂದಿವೆಯಾ ಅಂತ ಕಣ್ಣಾರೆ ನೋಡಿಕೊಳ್ಳಿ. ಫ್ರಿಜ್, ವಾಷರ್‌ನಂಥವನ್ನು 5 ವರ್ಷದ ಲೆಕ್ಕದಲ್ಲಿ ಹಾಕಿದ್ದರೆ ಅವುಗಳ ಡಿಪ್ರಿಸಿಯೇಷನ್‌ಗೆ 25% ಮಿತಿ ಸಿಗುವುದಿಲ್ಲ, ಸಂಬಳಕ್ಕೆ ಬೀಳುವ ಟ್ಯಾಕ್ಸ್ ದರವೇ.

1031 ಎಕ್ಸ್‌ಚೇಂಜ್, ಅಂದರೆ ಮಾರಿದ ಹಣದಲ್ಲಿ ಇನ್ನೊಂದು ಆಸ್ತಿ ಕೊಳ್ಳುವ ವ್ಯವಸ್ಥೆ, ಮಾಡಿದರೆ ಈ ಟ್ಯಾಕ್ಸನ್ನೆಲ್ಲ ಮುಂದೂಡಬಹುದಿತ್ತು ನಿಜ. 45 ದಿನದಲ್ಲಿ ಬೇರೆ ಆಸ್ತಿ ಗುರುತಿಸಬೇಕು, 180 ದಿನದಲ್ಲಿ ಕೊಳ್ಳಬೇಕು, ನಡುವೆ ಹಣ ನಮ್ಮ ಕೈಗೆ ಬರಬಾರದು. ಬೆಂಗಳೂರಲ್ಲಿ ಫ್ಲಾಟ್ ತಗೊಂಡರೆ ನಡೆಯುತ್ತಾ ಅಂತ ನಮ್ಮ ಭಾವ ಕೇಳಿದರು. ನಡೆಯಲ್ಲ, ಅಮೆರಿಕದ ಆಸ್ತಿಗೆ ಅಮೆರಿಕದ ಆಸ್ತಿಯೇ ಆಗಬೇಕು. ಮತ್ತೊಬ್ಬ ಬಾಡಿಗೆದಾರರ ನಲ್ಲಿ ರಿಪೇರಿ ಮಾಡಿಸುವ ಉತ್ಸಾಹ ನನಗಂತೂ ಉಳಿದಿರಲಿಲ್ಲ, ಟ್ಯಾಕ್ಸ್ ಕಟ್ಟಿಯೇ ಬಿಟ್ಟೆ. ಏಪ್ರಿಲ್‌ವರೆಗೆ ಕಾಯದೆ ಮಾರಿದ ಕ್ವಾರ್ಟರ್‌ನಲ್ಲೇ 1040-ಇಎಸ್‌ನಲ್ಲಿ (ಮುಂಗಡ ಟ್ಯಾಕ್ಸ್ ಕಟ್ಟುವ ಫಾರ್ಮ್) ಕಟ್ಟಿದ್ದರಿಂದ ದಂಡ ಬೀಳಲಿಲ್ಲ.