ಇಳಿತ ನೋಡಿ ಹೊರಡಿ: ನೀಲ್ ದ್ವೀಪದ ಕಲ್ಲು ಸೇತುವೆ ನೋಡುವುದು ಹೇಗೆ?

ಮೊದಲ ಸಲ ಅಂಡಮಾನಿನ ನೀಲ್ ದ್ವೀಪಕ್ಕೆ ಹೋದಾಗ ನನಗೆ ಅಲ್ಲಿನ ಕಲ್ಲು ಸೇತುವೆಯನ್ನು, ಅಂದರೆ ಅಲೆ ಕೊರೆದು ತಾನಾಗಿಯೇ ಆದ ಕಲ್ಲಿನ ಕಮಾನನ್ನು, ಸರಿಯಾಗಿ ನೋಡಲು ಆಗಲಿಲ್ಲ. ಊಟ ಮುಗಿಸಿ ಆರಾಮಾಗಿ ಹೋಗಿದ್ದೆ. ಸಮುದ್ರ ತುಂಬಿತ್ತು, ಸೇತುವೆಯ ಬುಡಕ್ಕೆ ಹೋಗುವ ದಾರಿಯೇ ನೀರಿನಡಿ ಇತ್ತು. ಮರುದಿನ ಇಳಿತದ ಹೊತ್ತಿಗೆ ಹೋದೆ. ಎರಡು ಗಂಟೆ ಕಳೆದರೂ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಹಾಗಾಗಿ ನನ್ನ ಮಾತು ಒಂದೇ: ಟಿಕೆಟ್ ಮಾಡಿಸುವ ಮೊದಲು ಸಮುದ್ರದ ವೇಳಾಪಟ್ಟಿ ನೋಡಿ.

1. ಇಳಿತದ ಲೆಕ್ಕ ಹಾಕಿ

ಅಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಒಂದು ಇಳಿತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇವತ್ತು ಬೆಳಗ್ಗೆ 9ಕ್ಕೆ ಇಳಿತ ಇದ್ದರೆ ನಾಳೆ ಹೆಚ್ಚುಕಡಿಮೆ 9.50ಕ್ಕೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಹಿಂದೆ ಸರಿಯುತ್ತದೆ. ಸೇತುವೆ ನೋಡಲು ಆ ದಿನಗಳೇ ಒಳ್ಳೆಯದು. ಮೊಬೈಲಿನಲ್ಲಿ ಪೋರ್ಟ್ ಬ್ಲೇರ್‌ನ ಭರತ-ಇಳಿತದ ಸಮಯ ಹುಡುಕಿದರೆ ಸಾಕು. ಹಗಲಿನ ಇಳಿತ ಎಷ್ಟು ಗಂಟೆಗೆ ಅಂತ ಬರೆದಿಟ್ಟುಕೊಳ್ಳಿ.

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಕಡಲು ಶಾಂತವಾಗಿರುತ್ತದೆ.

2. ತಲುಪುವುದು

ಪೋರ್ಟ್ ಬ್ಲೇರ್‌ಗೆ ಈಗ ಶ್ರೀ ವಿಜಯಪುರಂ ಎಂಬ ಹೆಸರು. ನೀಲ್ ದ್ವೀಪಕ್ಕೂ 2018ರಲ್ಲಿ ಶಹೀದ್ ದ್ವೀಪ ಎಂದು ಹೆಸರಿಟ್ಟರು. ಟಿಕೆಟ್‌ನಲ್ಲಿ ಯಾವ ಹೆಸರಿದ್ದರೂ ಗಾಬರಿ ಬೇಡ. ಸರ್ಕಾರಿ ಹಡಗು ಪೋರ್ಟ್ ಬ್ಲೇರ್‌ನ ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಡುತ್ತದೆ, ಸುಮಾರು ಎರಡು ಗಂಟೆಯ ದಾರಿ. ಖಾಸಗಿ ಹಡಗು ಸ್ವಲ್ಪ ಬೇಗ ತಲುಪಿಸುತ್ತದೆ. ಕೈಯಲ್ಲಿ ನಗದು ಇರಲಿ, ನೆಟ್‌ವರ್ಕ್ ನಂಬಬೇಡಿ. ದ್ವೀಪ ಚಿಕ್ಕದು, ಬಾಡಿಗೆ ಸೈಕಲ್ಲಿನಲ್ಲೇ ಸುತ್ತಬಹುದು. ಗದ್ದೆ, ಬಾಳೆತೋಟ, ತರಕಾರಿ ಮಡಿಗಳ ನಡುವೆ ರಸ್ತೆ ಸಾಗುತ್ತದೆ. ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳು ಕಟ್ಟಿದ ಊರಿದು. ಊರುಗಳ ಹೆಸರೂ ರಾಮಾಯಣದ್ದೇ: ಸೀತಾಪುರ, ಭರತಪುರ, ಲಕ್ಷ್ಮಣಪುರ.

3. ಸೇತುವೆಯ ಹತ್ತಿರ

ಲಕ್ಷ್ಮಣಪುರದಲ್ಲಿ ಎರಡು ಕಡಲತೀರಗಳಿವೆ. ಸೇತುವೆ ಇರುವುದು ಎರಡನೆಯದರಲ್ಲಿ. ಅಲ್ಲಿನವರು ಅದನ್ನು ಪ್ರೀತಿಯಿಂದ, ಕೋಲ್ಕತ್ತದ ಸೇತುವೆಯ ಹೆಸರಿನಲ್ಲಿ, ‘ಹೌರಾ ಬ್ರಿಜ್’ ಅನ್ನುತ್ತಾರೆ. ಇಳಿತಕ್ಕೆ ಒಂದು ಗಂಟೆ ಮೊದಲೇ ಅಲ್ಲಿರಿ. ಕಲ್ಲು ಚೂಪು, ಪಾಚಿ ಜಾರುತ್ತದೆ. ಚಪ್ಪಲಿ ಸಾಲದು, ಹಿಡಿತ ಇರುವ ಶೂ ಬೇಕು.

ಸೇತುವೆಯ ಕೆಳಗೆ ನಿಂತು ಮೊದಲು ಕಲ್ಲನ್ನೇ ನೋಡಿ. ಇದು ಸುಣ್ಣಕಲ್ಲು. ಒಂದು ಕಾಲದಲ್ಲಿ ನೀರಿನೊಳಗೆ ಬದುಕಿದ್ದ ಹವಳ, ಚಿಪ್ಪುಗಳ ಸುಣ್ಣವೇ ಗಟ್ಟಿಯಾಗಿ ಹೀಗೆ ಆಗಿದೆ. ಹಾಗಾದರೆ ಅದು ನೀರಿನಿಂದ ಮೇಲೆ ಬಂದದ್ದು ಹೇಗೆ? ಅಂಡಮಾನಿನ ಅಡಿಯಲ್ಲಿ ಭಾರತದ ಭೂಫಲಕ (ಭೂಮಿಯ ಹೊರಪದರದ ಬೃಹತ್ ತುಂಡು) ಪಕ್ಕದ ಫಲಕದ ಕೆಳಗೆ ನುಗ್ಗುತ್ತಿದೆ. ಆ ಒತ್ತಡಕ್ಕೆ ನೆಲ ಏಳುತ್ತದೆ, ಕುಸಿಯುತ್ತದೆ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಉತ್ತರದ ದಿಗ್ಲಿಪುರದ ಕಡೆ ನೆಲ ಮೇಲೆದ್ದಿತು, ಪೋರ್ಟ್ ಬ್ಲೇರ್ ಸುಮಾರು ಒಂದು ಮೀಟರ್ ಕುಸಿಯಿತು. ಹೀಗೆ ಮೇಲೆದ್ದ ಕಲ್ಲನ್ನು ಅಲೆ ಬುಡದಿಂದ ಕೊರೆಯುತ್ತದೆ. ಮೆದು ಭಾಗ ಹೋಗಿ ಗಟ್ಟಿ ಭಾಗ ಕಮಾನಾಗಿ ಉಳಿಯುತ್ತದೆ. ಆ ಕೊರೆತ ಇವತ್ತಿಗೂ ನಿಂತಿಲ್ಲ. ಅದಕ್ಕೇ ಕಮಾನಿನ ಮೇಲೆ ಹತ್ತಬೇಡಿ.

ಆಮೇಲೆ ಕಾಲಡಿಯಲ್ಲಿ ನೀರು ನಿಂತ ಗುಂಡಿಗಳಿಗೆ ಬನ್ನಿ. ಒಂದು ಗುಂಡಿಯ ಪಕ್ಕ ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ನೆರಳು ಬಿದ್ದಾಗ ಅಡಗಿದ ಏಡಿ ಮತ್ತೆ ಹೊರಗೆ ಬರುತ್ತದೆ. ಕಪ್ಪು ಕೊಳವೆಯಂತೆ ಬಿದ್ದಿರುವುದು ಸಮುದ್ರ ಸೌತೆ, ಅದೂ ಪ್ರಾಣಿಯೇ. ಎತ್ತಿ ಫೋಟೊ ತೆಗೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ, ದಯವಿಟ್ಟು ಮುಟ್ಟಬೇಡಿ. ಹವಳದ ಚೂರನ್ನೂ ಜೇಬಿಗೆ ಹಾಕಿಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ನೀರು ತಿರುಗಿ ಏರತೊಡಗಿದರೆ ತಡಮಾಡದೆ ಹೊರಡಿ.

4. ಭರತಕ್ಕೆ ಭರತಪುರ

ದ್ವೀಪದ ಜೆಟ್ಟಿಯ ಪಕ್ಕದ ಭರತಪುರ ತೀರದ ಲೆಕ್ಕ ಉಲ್ಟಾ. ಇಳಿತದಲ್ಲಿ ಅಲ್ಲಿ ಈಜಲು ನೀರು ಸಾಲದು, ಹವಳ ಕಾಲಿಗೆ ಸಿಗುತ್ತದೆ. ಭರತದ ಹೊತ್ತಿಗೆ ಹೋದರೆ ಸ್ನಾರ್ಕೆಲಿಂಗ್ (ಉಸಿರಿನ ಕೊಳವೆ ಕಚ್ಚಿ, ತೇಲುತ್ತಾ ನೀರೊಳಗೆ ನೋಡುವುದು) ಚೆನ್ನಾಗಿರುತ್ತದೆ. ನೆನಪಿಡುವುದು ನಮಗೆ ಸುಲಭ, ಹೆಸರಿನಲ್ಲೇ ಭರತ ಇದೆ ಅಲ್ವಾ?

ಸೂರ್ಯೋದಯಕ್ಕೆ ಸೀತಾಪುರ, ಸೂರ್ಯಾಸ್ತಕ್ಕೆ ಲಕ್ಷ್ಮಣಪುರದ ಮೊದಲ ತೀರ. ಡಿಸೆಂಬರಿನಲ್ಲಿ ಸಂಜೆ 5ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ, 4ಕ್ಕೆಲ್ಲ ಅಲ್ಲಿರಿ.

5. ವಾಪಸ್ ಬರುವಾಗ

ಕನಿಷ್ಠ ಎರಡು ರಾತ್ರಿ ಉಳಿಯಿರಿ. ಒಂದು ಇಳಿತ ತಪ್ಪಿದರೂ ಇನ್ನೊಂದು ಸಿಗುತ್ತದೆ. ಗಾಳಿ ಜೋರಾದರೆ ಹಡಗು ರದ್ದಾಗುವುದುಂಟು. ಆದ್ದರಿಂದ ದ್ವೀಪದಿಂದ ಹೊರಡುವ ದಿನವೇ ವಿಮಾನ ಹಿಡಿಯುವ ಯೋಜನೆ ಬೇಡ, ನಡುವೆ ಒಂದು ದಿನ ಪೋರ್ಟ್ ಬ್ಲೇರ್‌ನಲ್ಲಿ ಕಳೆಯಿರಿ.